ಮಕ್ಕಳು ಮನೆ ಮನೆಗೆ ಹೊರಟಾಗ

"ಖಾಲಾ, ನಿಮ್ಮ ಕಡೆ ಇಂಥ ತಲೆನೋವು ಇಲ್ಲ ಬಿಡಿ. ನೀವು ಆರಾಮ."

ಅಮೆರಿಕದ ನ್ಯೂಜೆರ್ಸಿಯಿಂದ ನನ್ನ ಅಕ್ಕನ ಮಗಳು ಫೋನಿನಲ್ಲಿ ಹೀಗೆಂದಾಗ ನಾನು ಧಾರವಾಡದ ಮನೆಯಲ್ಲಿ ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದೆ. 2023ರ ಅಕ್ಟೋಬರ್ ತಿಂಗಳು. ದಸರಾ ರಜೆಗೆ ಒಂಬತ್ತು ವರ್ಷದ ಮಗಳೊಂದಿಗೆ ಬೈಲಹೊಂಗಲದ ತವರಿಗೆ ಹೊರಡುವ ಸಡಗರ ನನ್ನದು. ಅವಳದು ಬೇರೆಯೇ ಚಿಂತೆ.

ಅಲ್ಲಿ ಅಕ್ಟೋಬರ್ 31ರ ಸಂಜೆ ಹ್ಯಾಲೋವೀನ್. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯಿಂದ ವಲಸೆ ಹೋದವರ ಜೊತೆ ಅಮೆರಿಕ ಸೇರಿದ ಹಬ್ಬವದು. ಮಕ್ಕಳು ವೇಷ ಹಾಕಿಕೊಂಡು, ಕೈಯಲ್ಲಿ ಚೀಲ ಹಿಡಿದು, ಕತ್ತಲಾಗುತ್ತಲೇ ಮನೆಮನೆಯ ಬಾಗಿಲು ಬಡಿಯುತ್ತಾರೆ. "ಟ್ರಿಕ್ ಆರ್ ಟ್ರೀಟ್" ಎಂದು ಕೂಗುತ್ತಾರೆ. ಮಿಠಾಯಿ ಕೊಡುತ್ತೀರೋ, ಇಲ್ಲ ನಮ್ಮ ಕೀಟಲೆ ಸಹಿಸುತ್ತೀರೋ ಎಂದರ್ಥ. ಅವಳ ಇಬ್ಬರು ಮಕ್ಕಳೂ ಶಾಲೆಯ ಗೆಳೆಯರೊಂದಿಗೆ ಹೋಗುತ್ತೇವೆಂದು ಹಟ ಹಿಡಿದಿದ್ದರು. ಗಂಡನಿಗೆ ಮನಸ್ಸಿಲ್ಲ. ಇವಳಿಗೆ ಭಯ. "ಗುರುತಿಲ್ಲದವರು ಕೊಟ್ಟ ಮಿಠಾಯಿಯಲ್ಲಿ ವಿಷ ಇದ್ದರೆ? ಒಳಗೆ ಬ್ಲೇಡು ಇಟ್ಟಿದ್ದರೆ? ಯಾರಾದರೂ ಎತ್ತಿಕೊಂಡು ಹೋದರೆ?"

ಮುಸ್ಲಿಮ್ ಮನೆಯ ಮಕ್ಕಳು ಆ ಹಬ್ಬಕ್ಕೆ ಹೋಗಬೇಕೇ ಬೇಡವೇ ಎಂಬುದನ್ನು ಗಂಡಹೆಂಡತಿ ಕೂಡಿ ತೀರ್ಮಾನಿಸಲಿ ಎಂದೆ. ಆದರೆ ಅವಳ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ನಾವು ನಿಜವಾಗಿಯೂ ಆರಾಮವೇ? ನಮ್ಮ ಮಕ್ಕಳು ಸಂಜೆ ಹೊತ್ತು ಮನೆಮನೆಗೆ ಹೋಗುವುದಿಲ್ಲವೇ?

ಬೆಂಗಳೂರಿನಲ್ಲಿ ಬೆಳೆದ ಅವಳಿಗೆ ಗೊತ್ತಿಲ್ಲ. ನಮ್ಮ ಭಾಗದ ವರ್ಷದ ಲೆಕ್ಕವೇ ಮಕ್ಕಳ ಕಾಲ್ನಡಿಗೆಯ ಲೆಕ್ಕ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಹೊತ್ತು ಓಣಿ ತಿರುಗುತ್ತಾರೆ. ಸಂಕ್ರಾಂತಿಗೆ ಕುಸುರೆಳ್ಳು, ದಸರೆಗೆ ಬನ್ನಿ. ಮೊಹರಮ್ಮಿಗೆ ಫಕೀರರಾದ ಮಕ್ಕಳು ಕೊರಳಿಗೆ ಲಾಡಿ ಹಾಕಿಕೊಂಡು ಬಾಗಿಲಿಗೆ ಬರುತ್ತಾರೆ. ಈದಿನ ದಿನ ನಮ್ಮ ಮಕ್ಕಳು ಸುರಕುಂಬದ ಡಬ್ಬಿ ಹಿಡಿದು ಹೊರಟರೆ ಈದಿಯ ನೋಟು ಎಣಿಸುತ್ತಲೇ ವಾಪಸು ಬರುವುದು. ಹೋಳಿಯ ಹುಡುಗರಂತೂ ಹಲಗೆ ಬಾರಿಸುತ್ತ ಕಟ್ಟಿಗೆ, ಕುಳ್ಳು ಕೇಳುತ್ತಾರೆ; ಕೊಡದ ಮನೆಯ ಹಿತ್ತಿಲಿನಿಂದ ರಾತ್ರಿ ತಾವೇ ಎತ್ತಿಕೊಂಡು ಹೋಗುತ್ತಾರೆ. ಇದು "ಟ್ರಿಕ್ ಆರ್ ಟ್ರೀಟ್" ಅಲ್ಲದೆ ಮತ್ತೇನು?

ಆ ರಜೆಯಲ್ಲಿ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಹೀಗೆ ನಾಲ್ಕೂ ಊರುಗಳಿಗೆ ಹೋಗಿಬಂದೆ. ಹೋದಲ್ಲೆಲ್ಲ ಮಕ್ಕಳನ್ನೇ ನೋಡಿದೆ. ಒಂದು ಕಡೆ ನಾನೇ ತಪ್ಪು ಮಾಡಿದೆ. ಅದನ್ನೂ ಹೇಳುತ್ತೇನೆ.

ಕಿತ್ತೂರಿನ ಪುಟ್ಟ ಚೆನ್ನಮ್ಮಂದಿರು

ಧಾರವಾಡದಿಂದ ಬೆಳಗಾವಿಯ ಹೆದ್ದಾರಿಯಲ್ಲಿ ಹೋಗುವಾಗ ಕಿತ್ತೂರು ಸಿಗುತ್ತದೆ. ಪುಣೆ–ಬೆಂಗಳೂರು ಹೆದ್ದಾರಿಯ ಲಾರಿಗಳ ಭೋರ್ಗರೆತ ಒಂದು ಕಡೆ, ಮಳೆಗೂ ಬಿಸಿಲಿಗೂ ಎದೆಯೊಡ್ಡಿ ನಿಂತ ಹಳೆಯ ಕೋಟೆಯ ಗೋಡೆ ಇನ್ನೊಂದು ಕಡೆ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮಳ ಸೈನ್ಯ ಇಲ್ಲಿ ಇಂಗ್ಲಿಷರನ್ನು ಸೋಲಿಸಿತು. ಕಲೆಕ್ಟರ್ ಥ್ಯಾಕರೆ ಸತ್ತದ್ದು ಆ ಕಾಳಗದಲ್ಲಿಯೇ. ಅದರ ನೆನಪಿಗೆ ಪ್ರತಿ ವರ್ಷ ಅಕ್ಟೋಬರ್ 23ರಿಂದ ಮೂರು ದಿನ ಕಿತ್ತೂರು ಉತ್ಸವ ನಡೆಯುತ್ತದೆ.

ನಾವು ಇಳಿದದ್ದು ಉತ್ಸವದ ಮೊದಲ ದಿನ, ಸೋಮವಾರ. ಆ ವರ್ಷದ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲವಲ್ಲ, ಮಕ್ಕಳನ್ನು ಕಟ್ಟಿಕೊಂಡು ಬಂದ ತಾಯಂದಿರೇ ಬಸ್ಸಿನ ತುಂಬ. ರಸ್ತೆಯಲ್ಲಿ ಪುಟ್ಟ ಚೆನ್ನಮ್ಮಂದಿರು, ಪುಟ್ಟ ಸಂಗೊಳ್ಳಿ ರಾಯಣ್ಣಂದಿರು. ಕಚ್ಚೆ ಹಾಕಿದ ಸೀರೆ, ರಟ್ಟಿನ ಖಡ್ಗ, ಅಂಟಿಸಿದ ಮೀಸೆ. ನನ್ನ ಮಗಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಒಂದು ಗುಂಪಿನ ಪಕ್ಕ ಶಿಕ್ಷಕಿಯೊಬ್ಬರು ಮೊಣಕಾಲೂರಿ ಕೂತು ಹುಡುಗಿಯೊಬ್ಬಳ ಸೀರೆಯ ಅಂಚನ್ನು ಪಾದಕ್ಕಿಂತ ಮೇಲಕ್ಕೆ ಎತ್ತಿ ಪಿನ್ ಹಾಕುತ್ತಿದ್ದರು. "ಅಂಚು ನೆಲಕ್ಕ ತಾಗಿದರ ಚಂದ ಕಾಣತೈತಿ ಅಂತಾರ ಅವರವ್ವ. ಆದರ ನಡ್ಯಾಕ ಬರಬೇಕಲ್ರಿ?" ಎಂದು ನನ್ನ ಕಡೆ ನೋಡಿ ನಕ್ಕರು. ಇನ್ನೊಬ್ಬ ಹುಡುಗನ ಖಡ್ಗದ ತುದಿ ಮುಟ್ಟಿ ನೋಡಿದರು. ತಗಡಿನದು. ಅದನ್ನು ಕಸಿದು ಚೀಲಕ್ಕೆ ಹಾಕಿ ರಟ್ಟಿನದೊಂದನ್ನು ಅವನ ಕೈಗಿತ್ತರು. ಹುಡುಗನ ಮುಖ ಸಪ್ಪೆಯಾಯಿತು. ಶಿಕ್ಷಕಿ ಮಾತ್ರ ಕರಗಲಿಲ್ಲ.

ವೇಷ ಹಾಕುವ ಮಕ್ಕಳ ವಿಷಯದಲ್ಲಿ ನಾವು ಚಂದವನ್ನೇ ನೋಡುತ್ತೇವೆ. ನೋಡಬೇಕಾದದ್ದು ಬೇರೆ ಇದೆ. ಬಟ್ಟೆ ಕಾಲಿಗೆ ತೊಡರುತ್ತದೆಯೇ? ಚಪ್ಪಲಿ ದೊಡ್ಡವರದೇ? ಕಿರೀಟ ಕಣ್ಣಿನ ಮೇಲೆ ಜಾರುತ್ತದೆಯೇ? ಹೊಳೆಯುವ ನೈಲಾನ್, ಪಾಲಿಸ್ಟರ್ ಬಟ್ಟೆಗೆ ಪಣತಿಯ ಕಿಡಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ದೀಪ ಇರುವ ಕಡೆ ಹೋಗುವ ಮಗುವಿಗೆ ಮೈಗೆ ಸರಿಯಾಗಿ ಹೊಂದುವ ಹತ್ತಿ ಬಟ್ಟೆಯೇ ವಾಸಿ.

ಇಷ್ಟೆಲ್ಲ ಯೋಚಿಸಿದ ನಾನೇ ಅಂಗಡಿ ಸಾಲಿನಲ್ಲಿ ತಮ್ಮನ ಆರು ವರ್ಷದ ಮಗನಿಗೆಂದು ಕಾಗದದ ಹುಲಿಯ ಮುಖವಾಡವೊಂದನ್ನು ಕೊಂಡೆ. ಕಣ್ಣಿನ ಜಾಗದಲ್ಲಿ ಎರಡು ಸಣ್ಣ ತೂತು. ಚೆನ್ನಾಗಿದೆ ಎಂದುಕೊಂಡೆ.

ಬೈಲಹೊಂಗಲದ ಬನ್ನಿ ಸಂಜೆ

ಬೈಲಹೊಂಗಲ ಹತ್ತಿಯ ಊರು, ಸಂತೆಯ ಊರು. ಸೆರೆಯಾದ ಚೆನ್ನಮ್ಮ 1829ರಲ್ಲಿ ಕೊನೆಯುಸಿರೆಳೆದದ್ದು ಇಲ್ಲಿ. ಅವಳ ಸಮಾಧಿ ಊರಿನೊಳಗೇ ಇದೆ. ಚಿಕ್ಕವರಿದ್ದಾಗ ನಾವು ಶಾಲೆಯಿಂದ ಸಾಲಾಗಿ ಅಲ್ಲಿಗೆ ಹೋಗಿ ಹೂ ಇಟ್ಟು ಬರುತ್ತಿದ್ದೆವು.

ಮರುದಿನ ಮಂಗಳವಾರ, ವಿಜಯದಶಮಿ. ಸಂಜೆಯಾದರೆ ಊರೆಲ್ಲ ಹೊರಗೆ. ಮಕ್ಕಳು ಮುಷ್ಟಿ ತುಂಬ ಬನ್ನಿ ಎಲೆ ಹಿಡಿದು ಹಿರಿಯರ ಕೈಗೆ ಕೊಟ್ಟು ಕಾಲು ಮುಟ್ಟಿ, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಎನ್ನುತ್ತಾರೆ. ಹಿರಿಯರು ತಲೆ ಸವರಿ ಶೇಂಗಾ ಉಂಡಿಯನ್ನೋ ಹತ್ತು ರೂಪಾಯಿಯನ್ನೋ ಕೈಗಿಡುತ್ತಾರೆ. ನಮ್ಮ ಓಣಿಯಲ್ಲಿ ಬನ್ನಿ ನಮ್ಮ ಬಾಗಿಲಿಗೂ ಬರುತ್ತದೆ, ಈದಿನ ಸುರಕುಂಬ ಅವರ ಬಾಗಿಲಿಗೂ ಹೋಗುತ್ತದೆ. ನನ್ನ ಅಮ್ಮಿ ಅವರಿಂದ ಬಂದ ಎಲೆಯನ್ನು ಒಂದು ವರ್ಷ ಪೆಟ್ಟಿಗೆಯಲ್ಲಿಟ್ಟುಕೊಳ್ಳುತ್ತಾರೆ. "ಮನೆಗೆ ಬಂದ ಮಗುವಿನ ಕೈಯಿಂದ ಬಂದದ್ದು" ಎನ್ನುತ್ತಾರೆ, ಅಷ್ಟೇ.

ಓಣಿಯ ಹುಡುಗರು ತಮ್ಮನ ಮಗನನ್ನು ಕರೆಯಲು ಬಂದಾಗ ಇನ್ನೂ ಬೆಳಕಿತ್ತು. ಅಮ್ಮಿಯದೊಂದು ಹಳೆಯ ಕಟ್ಟಳೆ. ಮಗ್ರಿಬ್‌ನ ಅಝಾನ್ ಆದಾಗ ಮಕ್ಕಳೆಲ್ಲ ಮನೆಯೊಳಗೆ. ಸೂರ್ಯ ಮುಳುಗಿ ಕತ್ತಲೆ ಕವಿಯುವ ಆ ಹೊತ್ತಿನಲ್ಲಿ ಮಕ್ಕಳನ್ನು ಒಳಗೆ ಕರೆದುಕೊಳ್ಳಬೇಕೆಂಬ ಪ್ರವಾದಿವರ್ಯರ(ಸ) ಉಪದೇಶವನ್ನು ಅವರು ತಮ್ಮ ತಾಯಿಯಿಂದ ಕಲಿತದ್ದು. ಸ್ವಲ್ಪ ಹೊತ್ತಿನ ನಂತರ, ದೊಡ್ಡವರೊಬ್ಬರ ಜೊತೆ, ಮತ್ತೆ ಹೊರಗೆ ಬಿಡುತ್ತಾರೆ. ಅಂದು ಆ ದೊಡ್ಡವಳು ನಾನೇ.

ಐದು ಮಕ್ಕಳು. ಮುಂದೆ ಹುಲಿಯ ಮುಖವಾಡ. ನಾಲ್ಕು ಮನೆ ಸರಿಯಾಗಿ ನಡೆಯಿತು. ಐದನೆಯ ಮನೆಯ ಕಟ್ಟೆಯ ಮೇಲೆ ನನ್ನ ಶಾಲೆಯ ಗೆಳತಿ ಕೂತಿದ್ದಳು. ಹತ್ತು ವರ್ಷದ ಮೇಲೆ ಸಿಕ್ಕವಳು. "ಅಯ್ಯ, ಯಾವಾಗ ಬಂದೆವಾ?" ಎಂದಳು. ನಾನು ನಿಂತೆ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ.

ಬ್ರೇಕಿನ ಕಿರುಚಾಟ ಕೇಳಿಸಿತು. ತಿರುಗಿ ನೋಡಿದರೆ ರಸ್ತೆಯ ನಡುವೆ ಹುಲಿಯ ಮುಖವಾಡ ಬಿದ್ದಿದೆ. ಅದರಾಚೆ ತಮ್ಮನ ಮಗ ಕೂತಿದ್ದಾನೆ. ಎದುರಿನ ಮನೆಯಲ್ಲಿ ಗೆಳೆಯನನ್ನು ಕಂಡು ಅಡ್ಡ ಓಡಿದ್ದನಂತೆ. ಮೋಟಾರ್ ಸೈಕಲ್ಲಿನ ಹುಡುಗ ಗಾಡಿ ಬಿಟ್ಟು ಓಡಿಬಂದು ಮಗುವನ್ನು ಎತ್ತಿಕೊಂಡಿದ್ದ. ಮಗುವಿಗಿಂತ ಅವನೇ ಹೆಚ್ಚು ನಡುಗುತ್ತಿದ್ದ. "ಕಾಣಲೇ ಇಲ್ಲ ಅಕ್ಕಾರ, ಕರಿ ಅಂಗಿ, ಕತ್ತಲಿ..." ಎಂದಷ್ಟೇ ಹೇಳುತ್ತಿದ್ದ. ಅಲ್ಲಾಹನ ಕೃಪೆ, ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಮನೆಗೆ ಬಂದಾಗ ಅಮ್ಮಿ ಬೈಯಲಿಲ್ಲ. ಗಾಯ ತೊಳೆಯುತ್ತ, "ಮುಖವಾಡ ಕೊಡಿಸಿದ್ದು ಯಾರು? ಕೈ ಬಿಟ್ಟದ್ದು ಯಾರು?" ಎಂದು ಕೇಳಿದರು. ಎರಡಕ್ಕೂ ಉತ್ತರ ಒಂದೇ ಆಗಿತ್ತು. ಭಾಬಿ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ವಿಷದ ಮಿಠಾಯಿ ಎಲ್ಲಿದೆ?

ಆ ರಾತ್ರಿ ನಿದ್ದೆ ಬರಲಿಲ್ಲ. ನ್ಯೂಜೆರ್ಸಿಯ ಹುಡುಗಿ ಮಿಠಾಯಿಯ ವಿಷಕ್ಕೆ ಹೆದರಿದ್ದಳು. ಆ ಭಯ ಎಷ್ಟು ನಿಜ ಎಂದು ಫೋನಿನಲ್ಲಿ ಹುಡುಕಿ ಓದುತ್ತ ಕೂತೆ.

ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ಹಲವು ದಶಕಗಳಿಂದ ಇದನ್ನೇ ಹುಡುಕುತ್ತಿದ್ದಾರೆ. 1958ರಿಂದೀಚಿನ ಪತ್ರಿಕಾ ವರದಿಗಳನ್ನೆಲ್ಲ ಜಾಲಾಡಿದ್ದಾರೆ. ಗುರುತಿಲ್ಲದವರು ಹ್ಯಾಲೋವೀನಿನಲ್ಲಿ ಹಂಚಿದ ವಿಷದ ಮಿಠಾಯಿ ತಿಂದು ಮಗುವೊಂದು ಸತ್ತಿತೆಂಬ ಒಂದೇ ಒಂದು ಖಚಿತ ಪ್ರಕರಣವೂ ಅವರಿಗೆ ಸಿಗಲಿಲ್ಲ. 1974ರಲ್ಲಿ ಟೆಕ್ಸಾಸ್‌ನಲ್ಲಿ ಎಂಟು ವರ್ಷದ ಹುಡುಗನೊಬ್ಬ ಆ ರಾತ್ರಿ ಸಯನೈಡ್ ಬೆರೆತ ಮಿಠಾಯಿ ತಿಂದು ಸತ್ತದ್ದು ನಿಜ. ಆದರೆ ಅದನ್ನು ಕೊಟ್ಟದ್ದು ನೆರೆಮನೆಯವರಲ್ಲ, ಹೆತ್ತ ತಂದೆ, ವಿಮೆಯ ಹಣಕ್ಕಾಗಿ. ಅವನಿಗೆ ಮರಣದಂಡನೆಯಾಯಿತು.

ಹಾಗಾದರೆ ಆ ಸಂಜೆ ಮಕ್ಕಳು ಸಾಯುವುದು ಯಾವುದರಿಂದ? ರಸ್ತೆಯಿಂದ. 1975ರಿಂದ 2016ರವರೆಗಿನ 42 ವರ್ಷಗಳ ಅಪಘಾತದ ಲೆಕ್ಕ ಹಾಕಿದ ಸಂಶೋಧಕರ ವರದಿ 'ಜಾಮಾ ಪೀಡಿಯಾಟ್ರಿಕ್ಸ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2019ರಲ್ಲಿ ಬಂದಿದೆ. ಹಿಂದಿನ ವಾರ ಮತ್ತು ಮುಂದಿನ ವಾರದ ಅದೇ ಸಂಜೆಗೆ ಹೋಲಿಸಿದರೆ ಅಕ್ಟೋಬರ್ 31ರ ಸಂಜೆ ಪಾದಚಾರಿಗಳು ವಾಹನಕ್ಕೆ ಸಿಕ್ಕಿ ಸಾಯುವ ಸಂಭವ ಶೇ. 43ರಷ್ಟು ಹೆಚ್ಚು. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ ಅದು ಹತ್ತು ಪಟ್ಟು.

ನಾಲ್ಕರಿಂದ ಎಂಟು. ತಮ್ಮನ ಮಗನಿಗೆ ಆರು. ಫೋನು ಕೆಳಗಿಟ್ಟೆ.

ತಪ್ಪು ಕಡೆಗೆ ಹೆದರುವುದು ಅಮೆರಿಕದವರ ಕಾಯಿಲೆ ಮಾತ್ರವಲ್ಲ. ನಮ್ಮ ರಾಜ್ಯದ್ದೇ ಒಂದು ನೆನಪು ಇದೆ. 2018ರ ಜುಲೈ 13ರಂದು ಬೀದರ ಜಿಲ್ಲೆಗೆ ಗೆಳೆಯರೊಂದಿಗೆ ಬಂದಿದ್ದ ಹೈದರಾಬಾದಿನ ತರುಣ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬನನ್ನು ಮುರ್ಕಿ ಎಂಬ ಹಳ್ಳಿಯಲ್ಲಿ ಜನ ಹೊಡೆದು ಕೊಂದರು. ಅವರು ಮಾಡಿದ್ದು ಇಷ್ಟೇ. ದಾರಿಯಲ್ಲಿ ಸಿಕ್ಕ ಶಾಲೆಯ ಮಕ್ಕಳಿಗೆ ವಿದೇಶದ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸುದ್ದಿ ಕಾರಿಗಿಂತ ಬೇಗ ಓಡಿತು. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಮಗುವಿಗೆ ಸಿಹಿ ಕೊಟ್ಟ ಕೈಯ ಮೇಲೆ ಕಲ್ಲು ಬಿತ್ತು. ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಬಂದ ಸಂದೇಶವನ್ನು ಯೋಚಿಸದೆ ಮುಂದೆ ಕಳಿಸುವ ನಾವು ಆ ಸಾವನ್ನು ಮರೆಯಬಾರದು.

ಗುರುತಿಲ್ಲದವರೆಲ್ಲ ಒಳ್ಳೆಯವರು ಎಂದು ನಾನು ಹೇಳುತ್ತಿಲ್ಲ. ಕಾವಲು ಬೇಕು. ಆದರೆ ಮುಂಬಾಗಿಲಲ್ಲಿ ಕೋಲು ಹಿಡಿದು ನಿಂತು ಹಿತ್ತಿಲ ಬಾಗಿಲನ್ನು ತೆರೆದಿಟ್ಟರೆ ಅದು ಕಾವಲಲ್ಲ.

ಸವದತ್ತಿಯ ದಾರಿಯಲ್ಲಿ

ಶುಕ್ರವಾರ ಸವದತ್ತಿಗೆ ಹೊರಟೆವು. ರಾಮದುರ್ಗದಲ್ಲಿ ಭಾಬಿಯ ತವರು. ಬಸ್ಸು ಬದಲಿಸುವುದು ಸವದತ್ತಿಯಲ್ಲಿ. ಮಂಗಳವಾರ, ಶುಕ್ರವಾರಗಳು ಯಲ್ಲಮ್ಮನ ವಾರ. ಬಸ್ಸಿನ ತುಂಬ ಭಂಡಾರದ ಹಣೆಗಳು, ಬುಟ್ಟಿಗಳು, "ಉಧೋ ಉಧೋ" ಎಂಬ ಕೂಗು.

ಸವದತ್ತಿ ತಾಲ್ಲೂಕಿನ ಹಿರೇಬಿದನೂರು ಎಂಬ ಹಳ್ಳಿಯ ನೆನಪಾಯಿತು. 2022ರ ಮೊಹರಮ್ಮಿನಲ್ಲಿ ಅದು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿತ್ತು. ಅಲ್ಲಿ ಒಂದು ಮುಸ್ಲಿಮ್ ಮನೆಯೂ ಇಲ್ಲ. ಆದರೂ ಫಕೀರೇಶ್ವರ ಸ್ವಾಮಿಯ ಮಸೀದಿ ಎಂದು ಕರೆಯುವ ಕಟ್ಟಡವಿದೆ, ಹಿಂದೂ ಪೂಜಾರಿಯಿದ್ದಾರೆ, ಪ್ರತಿ ವರ್ಷ ಐದು ದಿನ ಮೊಹರಂ ನಡೆಯುತ್ತದೆ. ಪಂಜು ಹಿಡಿದ ಮೆರವಣಿಗೆ, ಕರ್ಬಲ ಕುಣಿತ, ಕೊನೆಗೆ ಕೆಂಡ ಹಾಯುವುದು.

ಈ ಆಚರಣೆಗಳ ಬಗ್ಗೆ ನಮ್ಮ ಮನೆಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಅದು ಇಲ್ಲಿಯ ಮಾತಲ್ಲ. ಮಕ್ಕಳು ನೋಡಲು ಹೋಗುತ್ತಾರೆ ಎಂಬುದು ಮಾತ್ರ ನಿಜ. ಅಲಾವಿ ಕುಣಿಯ ಅಪಾಯ ಬೆಂಕಿ ಉರಿಯುವಾಗ ಕಾಣುತ್ತದೆ, ಎಲ್ಲರೂ ಮಕ್ಕಳನ್ನು ಹಿಂದೆ ಎಳೆಯುತ್ತಾರೆ. ಮರುದಿನ ಬೆಳಿಗ್ಗೆ ಮೇಲೆ ಬೂದಿ, ಕೆಳಗೆ ಕೆಂಡ. ಆಗ ಯಾರೂ ಕಾಯುವುದಿಲ್ಲ, ಬರಿಗಾಲಿನ ಮಕ್ಕಳು ಅಲ್ಲೇ ಆಡುತ್ತಾರೆ. ಕುಣಿಗೆ ನೀರು ಸುರಿದು ಮಣ್ಣು ಮುಚ್ಚಿಸುವ ಕೆಲಸವನ್ನು ಓಣಿಯ ಹೆಂಗಸರು ಹಿಡಿದು ಮಾಡಿಸಬೇಕು. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಟೂತ್‌ಪೇಸ್ಟ್, ಇಂಕು, ಎಣ್ಣೆ ಹಚ್ಚಬಾರದು. ಆಮೇಲೆ ಡಾಕ್ಟರರ ಬಳಿ.

ಸವದತ್ತಿಯ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇದು ಬರಿಯ ವಾರದ ದಿನದ ಗದ್ದಲ. ಭಾರತ ಹುಣ್ಣಿಮೆಯ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಜನ ಬಂದು ಗುಡ್ಡದಲ್ಲಿ ಲಕ್ಷಗಟ್ಟಲೆ ಸೇರುತ್ತಾರೆ. ಮೈಕಿನಲ್ಲಿ ಒಂದು ಘೋಷಣೆ ಬಂತು. ಕೆಂಪು ಲಂಗದ, ನಾಲ್ಕು ವರ್ಷದ ಹುಡುಗಿ ಕಂಟ್ರೋಲರ್ ಕೋಣೆಯಲ್ಲಿದ್ದಾಳೆ, ಪಾಲಕರು ಬರಬೇಕು. ಹೋಗಿ ನೋಡಿದೆ. ಮಗು ಮೇಜಿನ ಮೇಲೆ ಕೂತು ಅಳುತ್ತಿತ್ತು. ಹೆಸರು ಹೇಳಿತು. ಅಪ್ಪನ ಹೆಸರು ಕೇಳಿದರೆ "ಅಪ್ಪ" ಎಂದಿತು. ಊರು ಕೇಳಿದರೆ "ನಮ್ಮೂರು" ಎಂದಿತು. ಸ್ವಲ್ಪ ಹೊತ್ತಿನಲ್ಲಿ ತಾಯಿ ಓಡಿಬಂದಳು. ಮಗುವನ್ನು ಅಪ್ಪಿಕೊಂಡು, ಮರುಕ್ಷಣವೇ ಬೆನ್ನಿಗೊಂದು ಗುದ್ದಿ, ಮತ್ತೆ ಅಪ್ಪಿಕೊಂಡು ಅತ್ತಳು. ಸುತ್ತ ನಿಂತ ನಮ್ಮೆಲ್ಲರ ಕಣ್ಣೂ ಒದ್ದೆಯಾದವು.

ಗದ್ದಲಕ್ಕೆ ಹೋಗುವ ಮೊದಲು ಮಗುವಿನ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇಡಿ. ಹೆಸರನ್ನು ಮಾತ್ರ ಅಂಗಿಯ ಹೊರಗೆ ಎದ್ದು ಕಾಣುವಂತೆ ಬರೆಯಬೇಡಿ. ಹೆಸರು ಹಿಡಿದು ಕರೆದವರನ್ನು ಮಗು ನಂಬಿಬಿಡುತ್ತದೆ. ಹೊರಡುವ ಮುಂಚೆ ಒಂದು ಫೋಟೋ ತೆಗೆಯಿರಿ. ಗಾಬರಿಯಲ್ಲಿ ಮಗು ಯಾವ ಬಣ್ಣದ ಅಂಗಿ ತೊಟ್ಟಿತ್ತೆಂಬುದೇ ತಾಯಿಗೆ ನೆನಪಾಗುವುದಿಲ್ಲ. ತಪ್ಪಿಸಿಕೊಂಡರೆ ಅಲ್ಲಿಯೇ ನಿಲ್ಲು, ಪೊಲೀಸರನ್ನೋ ಮಕ್ಕಳ ಜೊತೆಗಿರುವ ಯಾವುದಾದರೂ ತಾಯಿಯನ್ನೋ ಕೇಳು ಎಂದು ಮೊದಲೇ ಹೇಳಿಕೊಡಿ. 1098 ಮಕ್ಕಳ ಸಹಾಯವಾಣಿ, 112 ತುರ್ತು ಕರೆ. ಎರಡಕ್ಕೂ ದುಡ್ಡು ಬೇಕಿಲ್ಲ.

ಗುಡ್ಡದ ಕಡೆ ನೋಡುವಾಗ ಇನ್ನೊಂದು ಸಂಗತಿ ನೆನಪಾಗದೆ ಇರದು. ಪಡಲಗಿ ಹೊತ್ತು ಮನೆಮನೆಗೆ ಜೋಗ ಬೇಡುವ ಪದ್ಧತಿಯ ಹೆಸರಿನಲ್ಲಿ ಒಂದು ಕಾಲದಲ್ಲಿ ಎಷ್ಟೋ ಎಳೆಯ ಹೆಣ್ಣುಮಕ್ಕಳ ಬಾಳು ಹಾಳಾಯಿತು. ಅದನ್ನು ತಡೆಯಲು ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾನೂನು ಮಾಡಿತು. ಬಲಿಯಾದ ಹೆಂಗಸರೇ ಸಂಘ ಕಟ್ಟಿಕೊಂಡು ಬೆಳಗಾವಿ ಜಿಲ್ಲೆಯಲ್ಲಿ ಅದರ ವಿರುದ್ಧ ನಿಂತರು. ಆ ಮಕ್ಕಳನ್ನು ಯಾರೋ ಕಳ್ಳರು ಕದ್ದೊಯ್ದಿರಲಿಲ್ಲ. ಮನೆಯ ಹಿರಿಯರೇ ಕೈ ಹಿಡಿದು ಕರೆತಂದಿದ್ದರು. ಎಳೆಯ ಹುಡುಗಿಯ ನಿಕಾಹ್ ಮಾಡಿ ಕೈ ತೊಳೆದುಕೊಳ್ಳುವ ನಮ್ಮ ಮನೆಗಳೂ ಈ ಮಾತನ್ನು ಕೇಳಿಸಿಕೊಳ್ಳಬೇಕು.

2012ರಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾನೂನು ಬಂದಿದೆ. ಅದರಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳ ಸರ್ಕಾರಿ ಅಂಕಿಸಂಖ್ಯೆ ವರ್ಷ ವರ್ಷವೂ ಒಂದೇ ಮಾತು ಹೇಳುತ್ತದೆ. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಆರೋಪಿ ಮಗುವಿಗೆ ಪರಿಚಿತನೇ. ನೆರೆಯವನು, ಬಂಧು, ಮನೆಗೆ ಬಂದುಹೋಗುವವನು. "ಗುರುತಿಲ್ಲದವರ ಜೊತೆ ಮಾತಾಡಬೇಡ" ಎಂದಷ್ಟೇ ಹೇಳಿಕೊಟ್ಟ ತಾಯಿ ಹತ್ತರಲ್ಲಿ ಒಂದು ಪಾಠ ಮಾತ್ರ ಹೇಳಿಕೊಟ್ಟಂತೆ. ಯಾರೇ ಆಗಲಿ, ಮೈ ಮುಟ್ಟಿ "ಇದನ್ನು ಅಮ್ಮನಿಗೆ ಹೇಳಬೇಡ" ಎಂದರೆ ಅದನ್ನೇ ಮೊದಲು ಅಮ್ಮನಿಗೆ ಹೇಳಬೇಕು, ಅಮ್ಮ ಬೈಯುವುದಿಲ್ಲ ಎಂದು ಮಗುವಿಗೆ ಗೊತ್ತಿರಬೇಕು. ಆ ಕೊನೆಯ ಮಾತು ನಿಜವಾಗಬೇಕಾದರೆ ನಾವು ಸಣ್ಣ ತಪ್ಪುಗಳಿಗೆ ಗುದ್ದುವುದನ್ನು ಬಿಡಬೇಕು.

ರಾಮದುರ್ಗದ ಓಣಿ

ರಾಮದುರ್ಗ ಮಲಪ್ರಭೆಯ ದಂಡೆಯ ಊರು. 1948ರವರೆಗೆ ಅದೇ ಒಂದು ಸಂಸ್ಥಾನ. ಹಳೆಯ ಓಣಿಗಳಲ್ಲಿ ಈಗಲೂ ಮಗ್ಗದ ಸದ್ದು ಕೇಳಿಸುತ್ತದೆ. ಭಾಬಿಯ ತವರು ಅಂಥದ್ದೊಂದು ಓಣಿಯಲ್ಲಿದೆ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಮೂರು ಮನೆಯವರು ಸೀನುತ್ತಾರೆ, ಅಷ್ಟು ಹತ್ತಿರ.

ತಮ್ಮನ ಮಗ ಗಾಯದ ಪಟ್ಟಿ ತೋರಿಸುತ್ತ ಎಲ್ಲರಿಗೂ ಕಥೆ ಹೇಳಿದ. ಭಾಬಿಯ ತಾಯಿ ನನ್ನ ಮುಖ ನೋಡಿದರು. ಅರ್ಥವಾಯಿತೆಂದು ಕಾಣುತ್ತದೆ. "ಬೇಟಿ, ಒಬ್ಬರ ಕಣ್ಣು ಎಷ್ಟು ಕಡೆ ನೋಡುತ್ತದೆ? ಅದಕ್ಕೇ ಓಣಿ ಇರುವುದು" ಎಂದರು.

ಅವರ ಓಣಿಯ ಪದ್ಧತಿ ಹೀಗೆ. ಈದಿನ ದಿನ ಡಬ್ಬಿ ಹಿಡಿದು ಮಕ್ಕಳು ಹೊರಟರೆ ಒಬ್ಬರೇ ಹೋಗುವುದಿಲ್ಲ, ದೊಡ್ಡ ಹುಡುಗಿಯೊಬ್ಬಳು ಮುಂದಾಳು. ಎಲ್ಲರೂ ಹೊಸ್ತಿಲಲ್ಲೇ ನಿಂತು ಡಬ್ಬಿ ಕೊಟ್ಟು ಸಲಾಮ್ ಹೇಳುವುದು. ಒಳಗೆ ಕರೆದರೆ ಎಲ್ಲರೂ ಒಳಗೆ, ಇಲ್ಲವಾದರೆ ಯಾರೂ ಇಲ್ಲ. ಒಂದು ಮಗ್ಗುಲಿನ ಮನೆಗಳನ್ನು ಪೂರ್ತಿ ಮುಗಿಸಿ, ಮೂಲೆಯಲ್ಲಿ ಒಮ್ಮೆ ಮಾತ್ರ ರಸ್ತೆ ದಾಟುವುದು, ಎದುರುಬದುರು ಓಡುವಂತಿಲ್ಲ. ಕೊನೆಯ ಮನೆಯಾಕೆ ತಲೆ ಎಣಿಸಿ ಮೊದಲ ಮನೆಗೆ ಫೋನ್ ಮಾಡುತ್ತಾಳೆ. ಬಂದ ತಿಂಡಿಯನ್ನು ದಾರಿಯಲ್ಲಿ ತಿನ್ನುವಂತಿಲ್ಲ, ಮನೆಗೆ ತಂದು ಹಂಚಿಕೊಂಡು ತಿನ್ನಬೇಕು. ವಿಷದ ಭಯದಿಂದಲ್ಲ. ಓಡುತ್ತ ತಿಂದ ಶೇಂಗಾ ಕಾಳು ಸಣ್ಣ ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರೇ ನಿಂತೀತು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಗಟ್ಟಿ ಪೆಪ್ಪರಮಿಂಟು ಕೊಡಲೇಬಾರದು.

ಆ ತಾಯಿ 2019ರ ಆಗಸ್ಟಿನ ನೆರೆಯ ಕಥೆಯನ್ನೂ ಹೇಳಿದರು. ಮಳೆ ಜೋರಾಗಿ, ಮೇಲಿನ ನವಿಲುತೀರ್ಥದ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮಲಪ್ರಭೆ ಊರೊಳಗೆ ನುಗ್ಗಿತ್ತು. "ಆ ದಿನ ಯಾರ ಮಗು ಯಾರ ಕಂಕುಳಲ್ಲಿತ್ತೋ! ನಮ್ಮ ಹುಡುಗನನ್ನು ಎದುರು ಮನೆಯ ಗೌಡರ ಸೊಸೆ ಎತ್ತಿಕೊಂಡು ಹೋಗಿದ್ದಳು, ಅವರ ಕೂಸು ನನ್ನ ಬಳಿ. ಬೆಳಗಾದ ಮೇಲೆ ಎಣಿಸಿದೆವು. ಎಲ್ಲ ಲೆಕ್ಕ ಸರಿ ಬಂತು. ಪ್ರತಿ ಮಗುವಿನ ಹೆಸರು ಓಣಿಗೆ ಗೊತ್ತಿತ್ತಲ್ಲ!"

ಈ ಪ್ರವಾಸದಲ್ಲಿ ನಾನು ಹುಡುಕುತ್ತಿದ್ದ ಮಾತು ಇದೇ ಇರಬೇಕು. ಮಕ್ಕಳು ಮನೆಮನೆಗೆ ಹೋಗುವುದು ಅಪಾಯ ಎಂದು ನಾವು ಬಾಗಿಲು ಹಾಕಿಕೊಂಡರೆ, ಮುಂದೆ ಆ ಮಗುವಿನ ಹೆಸರು ಯಾವ ಮನೆಗೂ ಗೊತ್ತಿರುವುದಿಲ್ಲ. ಬನ್ನಿ, ಕುಸುರೆಳ್ಳು, ಸುರಕುಂಬ ಹಿಡಿದು ಓಡಾಡಿದ ಮಕ್ಕಳನ್ನು ಓಣಿ ಗುರುತು ಹಿಡಿಯುತ್ತದೆ. ಗುರುತು ಹಿಡಿದ ಓಣಿ ಕಾಯುತ್ತದೆ. ಕಳಿಸಬೇಕು, ಕೈ ಬಿಡಬಾರದು.

ಶನಿವಾರ ಸೀಗಿ ಹುಣ್ಣಿಮೆ. ಹೊಳೆಯ ಕಡೆಯಿಂದ ಮೂಡಿದ ಚಂದ್ರ ಓಣಿಯನ್ನೆಲ್ಲ ಬೆಳಗಿದ್ದ. ಅಂಗಳದಲ್ಲಿ ಕೂತು ನ್ಯೂಜೆರ್ಸಿಗೆ ಉದ್ದನೆಯ ಸಂದೇಶ ಬರೆದೆ. ಮಿಠಾಯಿಗಿಂತ ರಸ್ತೆಗೆ ಹೆದರು. ಮುಖವಾಡ ಬೇಡ, ಬೇಕಿದ್ದರೆ ಕೆನ್ನೆಗೆ ಬಣ್ಣ ಹಚ್ಚು. ಕಪ್ಪು ಬಟ್ಟೆ ಬೇಡ. ಇಲ್ಲಿ ಗಾಡಿಗಳಿಗೆ ಅಂಟಿಸುವ ರೇಡಿಯಂ ಪಟ್ಟಿಯಂಥದ್ದು ಅಲ್ಲಿಯೂ ಸಿಗುತ್ತದೆ, ಬೆನ್ನಿಗೂ ಚೀಲಕ್ಕೂ ಅಂಟಿಸು. ಟಾರ್ಚ್ ಕೊಡು. ನೀನೇ ಜೊತೆಗೆ ಹೋಗು. ಮತ್ತು ದಾರಿಯಲ್ಲಿ ಹಳೆಯ ಗೆಳತಿ ಸಿಕ್ಕರೆ ಮಾತಿಗೆ ನಿಲ್ಲಬೇಡ. ಕೊನೆಯ ಸಾಲು ಯಾಕೆಂದು ಅವಳಿಗೆ ತಿಳಿಯಲಿಲ್ಲ. ಎಲ್ಲ ಬರೆದು ತಿಳಿಸಿದೆ.

ನವೆಂಬರ್ 1ರ ಬೆಳಿಗ್ಗೆ, ನಾವಿಲ್ಲಿ ರಾಜ್ಯೋತ್ಸವದ ಧ್ವಜಕ್ಕೆ ಸಿದ್ಧರಾಗುತ್ತಿದ್ದಾಗ, ಅವಳ ಉತ್ತರ ಬಂತು. ಗಂಡಹೆಂಡತಿ ಕೂಡಿ ಮಕ್ಕಳನ್ನು ಕಳಿಸುವುದು ಬೇಡವೆಂದು ತೀರ್ಮಾನಿಸಿದ್ದರಂತೆ. ಆದರೆ ಬಾಗಿಲ ದೀಪ ಆರಿಸಲಿಲ್ಲ. ಮೆಟ್ಟಿಲ ಮೇಲೆ ಬುಟ್ಟಿಯಿಟ್ಟುಕೊಂಡು ಮಕ್ಕಳಿಬ್ಬರೂ ಬಂದವರಿಗೆಲ್ಲ ಮಿಠಾಯಿ ಹಂಚಿದರು, ಹೆಸರು ಕೇಳಿದರು. "ಖಾಲಾ, ಮೂರು ವರ್ಷದಿಂದ ಇಲ್ಲಿದ್ದೇನೆ. ಬಲಗಡೆಯ ಮನೆಯ ಮಗುವಿನ ಹೆಸರು ನಿನ್ನೆ ಗೊತ್ತಾಯಿತು."

ತಮ್ಮನ ಮಗನ ಮೊಣಕಾಲಿನ ಹೊಕ್ಕಳೆ ಅಷ್ಟರಲ್ಲಿ ಉದುರಿತ್ತು. ಹುಲಿಯ ಮುಖವಾಡವನ್ನು ಅಮ್ಮಿ ಎಸೆದಿರಲಿಲ್ಲ. ಕತ್ತರಿ ತೆಗೆದುಕೊಂಡು ಕಣ್ಣಿನ ತೂತುಗಳನ್ನು ಅಗಲ ಮಾಡಿ ಗೋಡೆಯ ಮೊಳೆಗೆ ತೂಗುಹಾಕಿದ್ದರು. "ಹಗಲಿನಲ್ಲಿ, ಅಂಗಳದಲ್ಲಿ ಆಡಲಿ" ಎಂದರು.